ಕುಲನಾಮವೋ ಗುರುನಾಮವೋ: ಚೀನಾದ ‘ಜು’ ಎಂಬ ಹೆಸರಿನ ಸುತ್ತ ಕೆಲವು ವಿಚಾರಗಳು

೧

೧೯೨೪ರ ಮೇ ೮ರಂದು ಬೀಜಿಂಗ್ ನಗರದಲ್ಲಿ ರವೀಂದ್ರನಾಥ ಠಾಕೂರರ ಹುಟ್ಟುಹಬ್ಬದ ಸಮಾರಂಭವೊಂದು ಏರ್ಪಟ್ಟಿತ್ತು. ಕವಿಯ ‘ಚಿತ್ರಾ’ ನಾಟಕವನ್ನು ಚೀನಾದ ತರುಣ ಬರಹಗಾರರು ಅಂದು ಅಭಿನಯಿಸಿದರು. ಅದೇ ಸಂದರ್ಭದಲ್ಲಿ ಆ ಕಾಲದ ಹೆಸರಾಂತ ಚಿಂತಕ ಲಿಯಾಂಗ್ ಚಿಚಾವ್ ಅತಿಥಿಗೆ ಒಂದು ಚೀನೀ ಹೆಸರನ್ನು ಕಾಣಿಕೆಯಾಗಿ ನೀಡಿದರು. ಆ ಹೆಸರು ‘ಜು ಜೆನ್‌ದಾನ್’. ಚೀನೀ ಪದ್ಧತಿಯಲ್ಲಿ ಕುಲನಾಮ ಮೊದಲು, ಅಂಕಿತನಾಮ ಆಮೇಲೆ. ಹಾಗಾಗಿ ಇಲ್ಲಿ ‘ಜು’ ಎಂಬುದು ಕುಲನಾಮ, ‘ಜೆನ್‌ದಾನ್’ ಎಂಬುದು ಅಂಕಿತನಾಮ. ಜೆನ್‌ದಾನ್ ಎಂದರೆ ಪ್ರಾಚೀನ ಭಾರತೀಯರು ಚೀನಾವನ್ನು ಕರೆಯುತ್ತಿದ್ದ ‘ಚೀನಸ್ಥಾನ’ ಎಂಬ ಪದದ ಬೌದ್ಧಗ್ರಂಥಗಳಲ್ಲಿನ ಪ್ರತಿಲೇಖನ. ಅದರ ಎರಡು ಅಕ್ಷರಗಳಿಗೆ ಗುಡುಗು ಮತ್ತು ಬೆಳಗು ಎಂಬ ಅರ್ಥವಿದ್ದು, ‘ರವಿ’ ಮತ್ತು ‘ಇಂದ್ರ’ ಎರಡೂ ಅದರಲ್ಲಿ ಅಡಗಿವೆಯೆಂದು ಲಿಯಾಂಗ್ ವಿವರಿಸಿದರು. ‘ಜು’ ಎಂದರೆ ಭಾರತ. ಭಾರತದಿಂದ ಬಂದ ಭಿಕ್ಷುಗಳು ಒಂದು ಕಾಲಕ್ಕೆ ಚೀನಾದಲ್ಲಿ ಧರಿಸುತ್ತಿದ್ದ ಕುಲನಾಮ ಅದು. ಹೀಗೆ ಒಂದೇ ಹೆಸರಿನಲ್ಲಿ ಎರಡು ದೇಶಗಳು ಅಕ್ಕಪಕ್ಕದಲ್ಲಿ ಕುಳಿತವು.

ಈ ಪ್ರಸಂಗವನ್ನು ಭಾರತ–ಚೀನಾ ಬಾಂಧವ್ಯದ ಸವಿನೆನಪಾಗಿ ಹೇಳುವುದು ವಾಡಿಕೆ. ಪ್ರಸ್ತುತ ಲೇಖನದ ಆಸಕ್ತಿ ಅದಲ್ಲ. ‘ಜು’ ಎಂಬ ಈ ಕುಲನಾಮದ ಚರಿತ್ರೆಯನ್ನು ಹಿಡಿದು ಹೊರಟರೆ, ಹೆಸರನ್ನು ಹುಟ್ಟಿನ ಗುರುತೆಂದೇ ಓದುವ ನಮ್ಮ ವಿದ್ವತ್ತಿನ ರೂಢಿಯ ಬಗೆಗೆ ಒಂದು ಗಂಭೀರ ಪ್ರಶ್ನೆ ಎದುರಾಗುತ್ತದೆ. ಆ ಪ್ರಶ್ನೆಯನ್ನು ಕನ್ನಡದ ಅಧ್ಯಾಪಕರ ಮತ್ತು ಸಂಶೋಧಕರ ಮುಂದಿಡುವುದು ಇಲ್ಲಿನ ಉದ್ದೇಶ. ಚೀನೀ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒಂದು ತೊಡಕುಂಟು. ದಾರ್ಶನಿಕ ಜು ಷಿ (೧೧೩೦–೧೨೦೦), ಮಿಂಗ್ ರಾಜವಂಶದ ಸ್ಥಾಪಕ ಜು ಯುವಾನ್‌ಜಾಂಗ್ ಇವರ ‘ಜು’ ಬೇರೆ. ಅದರ ಅಕ್ಷರವೂ ಬೇರೆ, ಉಚ್ಚಾರದ ಏರಿಳಿತವೂ ಬೇರೆ. ನಮ್ಮ ಲಿಪಿಯಲ್ಲಿ ಎರಡೂ ಒಂದಾಗಿ ಕಾಣುತ್ತವೆ. ನಾವು ಇಲ್ಲಿ ಚರ್ಚಿಸುತ್ತಿರುವುದು ಮೇಲೆ ಬಿದಿರಿನ ಚಿಹ್ನೆ, ಅದರ ಕೆಳಗೆ ‘ಎರಡು’ ಎಂಬುದನ್ನು ಸೂಚಿಸುವ ಎರಡು ಅಡ್ಡಗೆರೆಗಳಿರುವ ‘ಜು’ವನ್ನು ಮಾತ್ರ.

೨

ಈ ಅಕ್ಷರಕ್ಕೂ ಭಾರತಕ್ಕೂ ನಂಟು ಬೆಳೆದ ಬಗೆಯನ್ನು ಮೊದಲು ನೋಡಬೇಕು. ಕ್ರಿ.ಪೂ. ೧೨೬ರಲ್ಲಿ ಮಧ್ಯ ಏಷ್ಯಾದ ಪ್ರವಾಸದಿಂದ ಹಿಂದಿರುಗಿದ ಹಾನ್ ಚಕ್ರವರ್ತಿಯ ದೂತ ಜಾಂಗ್ ಚಿಯೆನ್, ಬ್ಯಾಕ್ಟ್ರಿಯಾದ ಪೇಟೆಯಲ್ಲಿ ತನ್ನ ನಾಡಿನ ನೈಋತ್ಯ ಭಾಗದ ಬಿದಿರಿನ ಊರುಗೋಲುಗಳನ್ನೂ ಬಟ್ಟೆಯನ್ನೂ ಕಂಡು ಬೆರಗಾದುದಾಗಿ ವರದಿ ಮಾಡಿದ. ಅವು ಎಲ್ಲಿಂದ ಬಂದವೆಂದು ಕೇಳಿದಾಗ, ವರ್ತಕರು ‘ಷೆನ್‌ದು’ ಎಂಬ ದೇಶದಿಂದ ಕೊಂಡು ತರುತ್ತಾರೆಂಬ ಉತ್ತರ ದೊರೆಯಿತಂತೆ. ಸೀಮಾ ಚಿಯೆನ್‌ನ ಇತಿಹಾಸಗ್ರಂಥ ದಾಖಲಿಸಿರುವ ಈ ‘ಷೆನ್‌ದು’ವೇ ಸಿಂಧು. ಐದನೆಯ ಶತಮಾನದಲ್ಲಿ ಫಾನ್ ಯೆ ರಚಿಸಿದ ಉತ್ತರ ಹಾನ್ ವಂಶದ ಚರಿತ್ರೆಯಲ್ಲಿ ಅದೇ ದೇಶಕ್ಕೆ ‘ತಿಯೆನ್‌ಜು’ ಎಂಬ ಇನ್ನೊಂದು ಹೆಸರಿದೆ. ಸಿಂಧು ಎಂಬುದು ಇರಾನೀ ಭಾಷೆಗಳಲ್ಲಿ ‘ಹಿಂದು’ ಆದುದು ನಮಗೆಲ್ಲ ತಿಳಿದದ್ದೇ. ಆ ಹಕಾರಯುಕ್ತ ರೂಪದ ಪ್ರತಿಲೇಖನವೇ ತಿಯೆನ್‌ಜು ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಅಂದಿನ ಚೀನೀ ಉಚ್ಚಾರದಲ್ಲಿ ‘ಜು’ ಅಕ್ಷರ ‘ತುಕ್’ ಎಂಬುದಕ್ಕೆ ಹತ್ತಿರವಾಗಿ, ಕಕಾರಾಂತವಾಗಿತ್ತು. ಜಪಾನೀ ಭಾಷೆ ಎರವಲು ಪಡೆದ ‘ತೆಂಜಿಕು’ ಎಂಬ ರೂಪದ ಕೊನೆಯಲ್ಲಿ ಆ ಕಕಾರ ಇಂದಿಗೂ ಉಳಿದುಕೊಂಡಿದೆ.

ಅಕ್ಷರಕ್ಕೆ ಸ್ವಂತವಾದ ಅರ್ಥವೂ ಇತ್ತು. ಹಾನ್ ಕಾಲದ ನಿಘಂಟು ಅದಕ್ಕೆ ‘ದಪ್ಪ’ ಎಂಬ ಅರ್ಥವನ್ನು ಕೊಡುತ್ತದೆ. ಭಾರತಕ್ಕೂ ದಪ್ಪಕ್ಕೂ ಏನೂ ಸಂಬಂಧವಿಲ್ಲ; ಧ್ವನಿಗಾಗಿ ಮಾತ್ರ ಅದನ್ನು ಆರಿಸಿಕೊಳ್ಳಲಾಯಿತು. ಕಾಲಕ್ರಮದಲ್ಲಿ ಮೂಲದ ಅರ್ಥ ಮರೆಯಾಗಿ, ಆ ಅಕ್ಷರವನ್ನು ಕಂಡೊಡನೆ ಭಾರತ ನೆನಪಾಗುವ ಸ್ಥಿತಿ ಬಂದಿತು. ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗನು ಈ ಹಳೆಯ ರೂಪಗಳೆಲ್ಲ ಅಶುದ್ಧವೆಂದೂ ‘ಯಿನ್‌ದು’ ಎಂಬುದೇ ಸರಿಯಾದ ಉಚ್ಚಾರವೆಂದೂ ವಾದಿಸಿದ. ನಮ್ಮ ಇಮ್ಮಡಿ ಪುಲಕೇಶಿಯ ಹೆಸರನ್ನು ‘ಬುಲೋಜಿಷೆ’ ಎಂದು ಚೀನೀ ಅಕ್ಷರಗಳಲ್ಲಿ ಹಿಡಿದಿಟ್ಟ ಈ ಯಾತ್ರಿಕನಿಗೆ ಹೆಸರುಗಳ ಉಚ್ಚಾರಶುದ್ಧಿಯ ಬಗೆಗೆ ವಿಶೇಷ ಕಾಳಜಿಯಿತ್ತು. ಇಂದಿನ ಚೀನೀ ಭಾಷೆಯಲ್ಲಿ ಭಾರತಕ್ಕೆ ‘ಯಿನ್‌ದು’ ಎಂದೇ ಹೆಸರು. ದೇಶದ ಹೆಸರಾಗಿ ‘ಜು’ ಹಿಂದೆ ಸರಿಯಿತು, ಕುಲನಾಮವಾಗಿ ಉಳಿಯಿತು.

೩

ಕ್ರಿ.ಶ. ಎರಡನೆಯ ಶತಮಾನದಿಂದ ಚೀನಾಕ್ಕೆ ಬಂದ ಬೌದ್ಧ ಅನುವಾದಕರಿಗೆ ಚೀನೀ ಸಮಾಜದಲ್ಲಿ ವ್ಯವಹರಿಸಲು ಒಂದು ಕುಲನಾಮ ಬೇಕಾಯಿತು. ಕುಲನಾಮವಿಲ್ಲದ ವ್ಯಕ್ತಿಯನ್ನು ಆ ಸಮಾಜ ಊಹಿಸಿಕೊಳ್ಳಲಾರದು. ಆದುದರಿಂದ ಅವರವರ ದೇಶದ ಹೆಸರಿನ ಒಂದು ಅಕ್ಷರವನ್ನೇ ಕುಲನಾಮವಾಗಿ ಬಳಸುವ ಪದ್ಧತಿ ಬೆಳೆಯಿತು. ಪಾರ್ಥಿಯಾದಿಂದ ಬಂದವರು ‘ಆನ್’, ಸೋಗ್ದಿಯಾದವರು ‘ಕಾಂಗ್’, ಯುವೆಜಿ ಜನರು ‘ಜಿ’, ಕೂಚಾದವರು ‘ಬೋ’, ತಿಯೆನ್‌ಜುವಿನವರು ‘ಜು’. ೧೪೮ರಲ್ಲಿ ಲೋಯಾಂಗ್ ನಗರಕ್ಕೆ ಬಂದ ಆನ್ ಷಿಗಾವ್ ಪಾರ್ಥಿಯಾದವನೆಂದು ಹೆಸರೇ ಹೇಳುತ್ತದೆ. ಈ ಹಂತದಲ್ಲಿ ಕುಲನಾಮವೆಂದರೆ ಒಂದು ಬಗೆಯ ಊರಿನ ಗುರುತು. ಬಳ್ಳಾರಿಯವನು, ಬಿಜಾಪುರದವನು ಎಂದಂತೆ.

ಇಷ್ಟಕ್ಕೇ ನಿಂತಿದ್ದರೆ ಹೇಳಬೇಕಾದದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಮುಂದಿನ ಹಂತದಲ್ಲಿ ಒಂದು ವಿಚಿತ್ರ ಪಲ್ಲಟ ಕಾಣಿಸಿಕೊಳ್ಳುತ್ತದೆ. ಭಿಕ್ಷುವಾದವನು ಮನೆಯನ್ನು ತೊರೆದವನು. ಮನೆಯ ಹೆಸರನ್ನು ಅವನು ಹೇಗೆ ಹೊರುವುದು? ಆದಕಾರಣ ಶಿಷ್ಯನು ಗುರುವಿನ ಕುಲನಾಮವನ್ನು ಸ್ವೀಕರಿಸತೊಡಗಿದ. ಗುರು ‘ಜು’ ಆಗಿದ್ದರೆ ಶಿಷ್ಯನೂ ‘ಜು’. ಅವನು ಹುಟ್ಟಿದ್ದು ಎಲ್ಲಿಯೇ ಆಗಿರಲಿ, ಯಾವ ಮನೆಯಲ್ಲಿಯೇ ಆಗಿರಲಿ. ಸುಮಾರು ಕ್ರಿ.ಶ. ೫೩೦ರ ಹೊತ್ತಿಗೆ ಹುಯ್‌ಜಿಯಾವ್ ಎಂಬ ಭಿಕ್ಷು ಸಂಕಲಿಸಿದ ‘ಶ್ರೇಷ್ಠ ಭಿಕ್ಷುಗಳ ಚರಿತ್ರೆ’ಯಲ್ಲಿ ಇಂಥ ಉದಾಹರಣೆಗಳು ಧಾರಾಳವಾಗಿವೆ.

ಸದ್ಧರ್ಮಪುಂಡರೀಕ ಸೂತ್ರವನ್ನು ೨೮೬ರಲ್ಲಿ ಚೀನೀ ಭಾಷೆಗೆ ತಂದ ಧರ್ಮರಕ್ಷನ ಚೀನೀ ಹೆಸರು ಜು ಫಾಹು. ಹೆಸರನ್ನು ನೋಡಿದರೆ ಭಾರತೀಯ. ಆದರೆ ಅವನು ದುನ್‌ಹ್ವಾಂಗ್‌ನಲ್ಲಿ ನೆಲೆಸಿದ್ದ ಯುವೆಜಿ ಮನೆತನದವನು. ಹುಟ್ಟಿನ ಕುಲನಾಮ ‘ಜಿ’. ಎಂಟನೆಯ ವಯಸ್ಸಿನಲ್ಲಿ ಜು ಗಾವ್‌ಜುವೋ ಎಂಬ ಪರದೇಶೀ ಭಿಕ್ಷುವಿನ ಶಿಷ್ಯನಾಗಿ ‘ಜು’ ಆದವನು. ಪವಾಡಪುರುಷನೆಂದು ಖ್ಯಾತನಾದ ಫೋತುದೆಂಗ್‌ನನ್ನು ಹುಯ್‌ಜಿಯಾವ್ ‘ಜು ಫೋತುದೆಂಗ್’ ಎಂದು ಕರೆಯುತ್ತಾನೆ. ಮರುವಾಕ್ಯದಲ್ಲಿಯೇ ಅವನ ಮೂಲ ಕುಲನಾಮ ‘ಬೋ’ ಎನ್ನುತ್ತಾನೆ. ಜು ದಾವ್‌ಚಿಯೆನ್ (೨೮೬–೩೭೪) ಅಚ್ಚ ಚೀನೀ ಮೂಲದವನು. ಅಂದಿನ ಕುಲೀನ ಮನೆತನಗಳಲ್ಲಿ ಅಗ್ರಗಣ್ಯವಾದ ಲಾಂಗ್ಯೆಯ ವಾಂಗ್ ಮನೆತನಕ್ಕೆ ಸೇರಿದವನೆಂದು ಅವನ ಚರಿತ್ರೆ ಹೇಳುತ್ತದೆ. ‘ವಾಂಗ್’ ಎಂಬ ಹೆಸರಿಗಾಗಿ ಜನ ಹಾತೊರೆಯುತ್ತಿದ್ದ ಕಾಲದಲ್ಲಿ ಅದನ್ನು ಬಿಟ್ಟು ಅನ್ಯದೇಶದ ಹೆಸರನ್ನು ಹೊತ್ತದ್ದು ಸಾಮಾನ್ಯ ಸಂಗತಿಯಲ್ಲ.

ಈ ದಾವ್‌ಚಿಯೆನ್‌ನ ಕುರಿತು ಒಂದು ಸ್ವಾರಸ್ಯದ ಪ್ರಸಂಗವುಂಟು. ಅವನು ಇಂದಿನ ಜೆಜಿಯಾಂಗ್ ಪ್ರಾಂತದ ಬೆಟ್ಟವೊಂದರಲ್ಲಿ ನೆಲೆಸಿದ್ದ. ಜಿ ದುನ್ (೩೧೪–೩೬೬) ಎಂಬ ಇನ್ನೊಬ್ಬ ಪಂಡಿತ ಭಿಕ್ಷು ಏಕಾಂತವಾಸಕ್ಕಾಗಿ ಅಲ್ಲಿಯ ಬೆಟ್ಟವನ್ನು ಕೊಳ್ಳಬಯಸಿ ಹೇಳಿಕಳುಹಿಸಿದನಂತೆ. ಪುರಾತನ ಕಾಲದ ಏಕಾಂತವಾಸಿಗಳು ಬೆಟ್ಟವನ್ನು ದುಡ್ಡು ಕೊಟ್ಟು ಕೊಂಡದ್ದನ್ನು ತಾನು ಕೇಳಿಲ್ಲವೆಂದು ದಾವ್‌ಚಿಯೆನ್ ಉತ್ತರಿಸಿದನಂತೆ. ಹೆಸರುಗಳನ್ನಷ್ಟೇ ನೋಡಿದರೆ ಒಬ್ಬ ಭಾರತೀಯನೂ ಒಬ್ಬ ಯುವೆಜಿಯೂ ಚೀನಾದ ಬೆಟ್ಟವೊಂದರ ಬಗೆಗೆ ಮಾತಾಡಿದಂತೆ ತೋರುತ್ತದೆ. ವಾಸ್ತವದಲ್ಲಿ ಇಬ್ಬರೂ ಚೀನೀಯರು. ಜಿ ದುನ್‌ನ ಹುಟ್ಟಿನ ಕುಲನಾಮ ‘ಗ್ವಾನ್’.

ಸ್ತ್ರೀಯರ ಉದಾಹರಣೆಯೂ ಇದೆ. ಚೀನಾದ ಮೊದಲ ಭಿಕ್ಷುಣಿಯೆಂದು ಪರಿಗಣಿತಳಾದ, ನಾಲ್ಕನೆಯ ಶತಮಾನದ ಜು ಜಿಂಗ್‌ಜಿಯೆನ್‌ಳ ಹುಟ್ಟಿನ ಕುಲನಾಮ ‘ಜೊಂಗ್’. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಬಡತನದಲ್ಲಿ ಸಿರಿವಂತರ ಮಕ್ಕಳಿಗೆ ವಾದ್ಯ ಮತ್ತು ಬರವಣಿಗೆಯನ್ನು ಕಲಿಸಿ ಬದುಕುತ್ತಿದ್ದವಳು ಆಕೆ. ಚೀನೀ ಪದ್ಧತಿಯಲ್ಲಿ ಹೆಣ್ಣು ಮದುವೆಯಾದ ಮೇಲೂ ತಂದೆಯ ಕುಲನಾಮವನ್ನೇ ಉಳಿಸಿಕೊಳ್ಳುತ್ತಾಳೆ. ಅಂದರೆ ಗಂಡನ ಮನೆಯೂ ಕೊಡದ ಹೊಸ ಹೆಸರನ್ನು ಪ್ರವ್ರಜ್ಯೆ ಆಕೆಗೆ ಕೊಟ್ಟಿತು.

ಈ ಎಲ್ಲ ನಿದರ್ಶನಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ನಾಲ್ಕನೆಯ ಶತಮಾನದ ಚೀನಾದಲ್ಲಿ ‘ಜು’ ಎಂಬುದು ‘ನಾನು ಯಾರ ಮಗ’ ಎಂಬ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ‘ನಾನು ಯಾರಿಂದ ಕಲಿತೆ’ ಎಂಬ ಪ್ರಶ್ನೆಗೆ ಉತ್ತರವಾಗಿತ್ತು. ಅದು ಕುಲನಾಮದ ವೇಷದಲ್ಲಿದ್ದ ಗುರುನಾಮ.

೪

ಈ ವ್ಯವಸ್ಥೆಯನ್ನು ಬದಲಾಯಿಸಿದವನು ದಾವ್‌ಆನ್ (೩೧೨–೩೮೫). ಇವನು ಮೇಲೆ ಹೇಳಿದ ಫೋತುದೆಂಗ್‌ನ ಶಿಷ್ಯ. ಗುರುವಿನಿಂದ ಗುರುವಿಗೆ ಹೆಸರು ಬೇರೆಯಾಗುವುದರಿಂದ ಭಿಕ್ಷುಸಂಘದಲ್ಲಿ ಆನ್, ಜಿ, ಕಾಂಗ್, ಜು ಎಂಬ ಭೇದಗಳು ಉಳಿದುಬಿಟ್ಟಿದ್ದವು. ಹುಟ್ಟಿನ ಕುಲವನ್ನು ಬಿಟ್ಟು ಬಂದವರು ಗುರುವಿನ ಹೆಸರಿನಲ್ಲಿ ಮತ್ತೆ ಕವಲುಗಳಾಗಿದ್ದರು. ಎಲ್ಲ ಗುರುಗಳಿಗೂ ಮೂಲ ಗುರು ಶಾಕ್ಯಮುನಿಯೇ ಆಗಿರುವಾಗ ಎಲ್ಲ ಭಿಕ್ಷುಗಳೂ ಅವನ ಹೆಸರನ್ನೇ ಧರಿಸಬೇಕೆಂದು ದಾವ್‌ಆನ್ ತೀರ್ಮಾನಿಸಿದ. ‘ಶಾಕ್ಯ’ದ ಮೊದಲ ಅಕ್ಷರ ಚೀನೀ ಭಾಷೆಯಲ್ಲಿ ‘ಷಿ’. ಅದೇ ಎಲ್ಲರ ಕುಲನಾಮವಾಯಿತು. ಆಮೇಲೆ ೩೮೪–೩೮೫ರಲ್ಲಿ ಏಕೋತ್ತರಾಗಮ ಚೀನೀ ಭಾಷೆಗೆ ಬಂದಾಗ, ಅದರಲ್ಲಿ ಈ ತೀರ್ಮಾನವನ್ನು ಸಮರ್ಥಿಸುವ ಮಾತು ದೊರೆಯಿತೆಂದು ಹುಯ್‌ಜಿಯಾವ್ ಬರೆಯುತ್ತಾನೆ. ನಾಲ್ಕು ಮಹಾನದಿಗಳು ಕಡಲನ್ನು ಸೇರಿದಾಗ ತಮ್ಮ ಹೆಸರನ್ನು ಕಳೆದುಕೊಳ್ಳುವಂತೆ, ನಾಲ್ಕು ವರ್ಣದವರೂ ಸಂಘವನ್ನು ಸೇರಿದಾಗ ಶಾಕ್ಯಪುತ್ರರೆಂದೇ ಕರೆಸಿಕೊಳ್ಳುತ್ತಾರೆ ಎಂಬುದು ಅದರ ಆಶಯ. ಪಾಳಿಯ ಉದಾನ ಮತ್ತು ವಿನಯಪಿಟಕಗಳಲ್ಲಿಯೂ ಇದೇ ಉಪಮೆ ಬರುತ್ತದೆ.

ಇಲ್ಲಿ ಒಂದು ಭಾಷಿಕ ಸಂಗತಿ ಬಹಳ ಮುಖ್ಯವಾದುದು. ಭಾರತೀಯ ಪಠ್ಯಗಳ ‘ನಾಲ್ಕು ವರ್ಣ’ ಎಂಬುದನ್ನು ಚೀನೀ ಅನುವಾದಕರು ‘ಸಿಶಿಂಗ್’ ಎಂದು ಕರೆದರು. ಅದರ ಅಕ್ಷರಶಃ ಅರ್ಥ ‘ನಾಲ್ಕು ಕುಲನಾಮಗಳು’. ವರ್ಣಕ್ಕೆ ಸಂವಾದಿಯಾದ ಪದವೊಂದು ಆ ಭಾಷೆಯಲ್ಲಿರಲಿಲ್ಲ. ಹತ್ತಿರದಲ್ಲಿ ಸಿಕ್ಕಿದ್ದು ಕುಲನಾಮ. ಆ ಪದದ ಅಕ್ಷರವನ್ನು ಬಿಡಿಸಿದರೆ ‘ಹೆಣ್ಣು’ ಮತ್ತು ‘ಹುಟ್ಟು’ ಎಂಬ ಎರಡು ಭಾಗಗಳು ಸಿಗುತ್ತವೆ. ಹುಟ್ಟಿನಿಂದ ಬಂದದ್ದು ಎಂಬುದು ಅಕ್ಷರದಲ್ಲಿಯೇ ಕೆತ್ತಿದೆ. ಹಾಗಾಗಿ ಚೀನೀ ಓದುಗನಿಗೆ ನದಿ–ಕಡಲಿನ ಉಪಮೆ ಹೇಳಿದ್ದು ಇಷ್ಟು: ಸಂಘಕ್ಕೆ ಬಂದಮೇಲೆ ನಿನ್ನ ಕುಲನಾಮ ಇಲ್ಲವಾಗುತ್ತದೆ. ಭಾರತದಲ್ಲಿ ವರ್ಣನಿರಸನದ ರೂಪಕವಾಗಿದ್ದ ಮಾತು ಚೀನಾದಲ್ಲಿ ಹೆಸರಿಡುವ ನಿಯಮವಾಗಿ ಕಾರ್ಯರೂಪಕ್ಕೆ ಬಂದಿತು. ಈ ನಿಯಮ ಚೀನಾವನ್ನು ದಾಟಿಯೂ ಹೋಯಿತು. ವಿಯೆಟ್ನಾಮಿನ ಭಿಕ್ಷು ತಿಕ್ ನ್ಯಾತ್ ಹಾನ್ (೧೯೨೬–೨೦೨೨) ಅವರ ಹೆಸರಿನ ‘ತಿಕ್’ ಕೂಡ ಇದೇ ‘ಷಿ’ಯ, ಅಂದರೆ ಶಾಕ್ಯದ, ವಿಯೆಟ್ನಾಮೀ ರೂಪ.

‘ಜು’ ಒಮ್ಮೆಲೇ ಮರೆಯಾಗಲಿಲ್ಲ. ದಾವ್‌ಆನ್‌ನ ಸಹಪಾಠಿ ಜು ಫಾತಾಯ್ ಹಳೆಯ ಹೆಸರನ್ನು ಉಳಿಸಿಕೊಂಡ. ಅವನ ಶಿಷ್ಯ ಜು ದಾವ್‌ಶೆಂಗ್ (ಮರಣ ೪೩೪) ಈ ಪರಂಪರೆಯ ಕೊನೆಯ ಮಹಾನ್ ಹೆಸರುಗಳಲ್ಲಿ ಒಂದು. ಹುಟ್ಟಿನಿಂದ ಅವನು ‘ವೆಯ್’ ಮನೆತನದ ಚೀನೀಯ. ಧರ್ಮಕ್ಕೆ ಸಂಪೂರ್ಣ ಅನರ್ಹರೆಂದು ಹೇಳಲಾದ ‘ಇಚ್ಛಂತಿಕ’ರಿಗೂ ಬುದ್ಧತ್ವ ಸಾಧ್ಯವೆಂದು ಅವನು ವಾದಿಸಿದ. ಆಗ ಲಭ್ಯವಿದ್ದ ಪಠ್ಯದಲ್ಲಿ ಅದಕ್ಕೆ ಆಧಾರವಿರಲಿಲ್ಲವಾಗಿ ರಾಜಧಾನಿಯ ಸಂಘ ಅವನನ್ನು ಹೊರಹಾಕಿತು. ೪೨೧ರಲ್ಲಿ ಉತ್ತರದಲ್ಲಿ ಅನುವಾದಗೊಂಡ ಮಹಾಪರಿನಿರ್ವಾಣ ಸೂತ್ರದ ಪೂರ್ಣಪಾಠ ದಕ್ಷಿಣಕ್ಕೆ ತಲಪಿದಾಗ ಅವನ ಮಾತೇ ನಿಜವೆಂದು ಸಾಬೀತಾಯಿತು. ಹುಟ್ಟಿನಿಂದಲೇ ಯಾರೂ ಹೊರಗಿನವರಲ್ಲವೆಂದು ವಾದಿಸಿದವನ ಹೆಸರೇ ಹುಟ್ಟಿನಿಂದ ಬಂದದ್ದಾಗಿರಲಿಲ್ಲ ಎಂಬುದು ಆಕಸ್ಮಿಕವಿರಬಹುದು. ಆದರೆ ಮನನೀಯವಾದ ಆಕಸ್ಮಿಕ.

೫

ಭಿಕ್ಷುಗಳ ‘ಜು’ ಹೀಗೆ ಕಡಲನ್ನು ಸೇರಿತು. ಗೃಹಸ್ಥರಲ್ಲಿಯೂ ‘ಜು’ ಎಂಬ ಕುಲನಾಮವಿದೆ. ಸೋಂಗ್ ಕಾಲದಲ್ಲಿ ಮಕ್ಕಳ ಬಾಯಿಪಾಠಕ್ಕೆಂದು ಸಿದ್ಧವಾದ, ೫೦೦ಕ್ಕೂ ಹೆಚ್ಚು ಹೆಸರುಗಳಿರುವ ‘ನೂರು ಮನೆತನಗಳ ಹೆಸರು’ ಎಂಬ ಪಠ್ಯದಲ್ಲಿ ಅದು ಸೇರಿದೆ. ಜೆಜಿಯಾಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ೧೯೩೬ರಿಂದ ೧೯೪೯ರವರೆಗೆ ದುಡಿದ, ಚೀನಾದ ಹವಾಮಾನಶಾಸ್ತ್ರದ ಪಿತಾಮಹರೆನಿಸಿದ ಜು ಕೆಜೆನ್ (೧೮೯೦–೧೯೭೪) ಅವರದೂ ಇದೇ ಅಕ್ಷರ. ಈ ಗೃಹಸ್ಥರ ‘ಜು’ ಎಲ್ಲಿಂದ ಬಂದಿತು?

೧೦೦೮ರಲ್ಲಿ ಪೂರ್ಣಗೊಂಡ ‘ಗ್ವಾಂಗ್‌ಯುನ್’ ಎಂಬ ಪ್ರಾಸನಿಘಂಟು ಈ ಅಕ್ಷರದ ಕೆಳಗೆ ಮೊದಲು ತಿಯೆನ್‌ಜು ಎಂಬ ದೇಶದ ಹೆಸರನ್ನು ಕೊಟ್ಟು, ಬಳಿಕ ಕುಲನಾಮದ ಕಥೆಯನ್ನು ಹೇಳುತ್ತದೆ. ಉತ್ತರ ಹಾನ್ ಕಾಲದಲ್ಲಿ ಜು ಯೆನ್ ಎಂಬ ಸಾಮಂತನಿದ್ದ. ಅವನ ಕುಲನಾಮ ಬರಿಯ ‘ಬಿದಿರು’. ಅದರ ಉಚ್ಚಾರವೂ ಇಂದು ‘ಜು’ ಎಂದೇ. ಹಗೆಗಳ ಭಯದಿಂದ ಹೆಸರನ್ನು ಮರೆಸಬೇಕಾಯಿತು. ಆದರೆ ಪೂರ್ವಜರು ಕೀರ್ತಿವಂತರಾದುದರಿಂದ ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಬಿದಿರಿನ ಕೆಳಗೆ ‘ಎರಡು’ ಎಂಬ ಅಕ್ಷರವನ್ನು ಸೇರಿಸಿಕೊಂಡು ಲಾಂಗ್ಯೆಯ ಕಡೆಗೆ ವಲಸೆ ಹೋದ. ಆ ‘ಎರಡು’, ಗುಜು ಎಂಬ ಪ್ರಾಚೀನ ರಾಜ್ಯದ ಬೋ ಯಿ ಮತ್ತು ಷು ಚಿ ಎಂಬ ಇಬ್ಬರು ರಾಜಕುಮಾರರ ಸ್ಮರಣೆ. ಗುಜು ಎಂಬ ಹೆಸರಿನಲ್ಲಿಯೂ ಬಿದಿರಿನ ಅಕ್ಷರವಿದೆ. ಒಬ್ಬರಿಗೊಬ್ಬರು ಪಟ್ಟವನ್ನು ಬಿಟ್ಟುಕೊಟ್ಟು, ಅನ್ಯಾಯದಿಂದ ಬಂದ ರಾಜ್ಯದ ಧಾನ್ಯವನ್ನು ಉಣ್ಣಲೊಲ್ಲದೆ ಬೆಟ್ಟದಲ್ಲಿ ಹಸಿದು ಸತ್ತ ಈ ಸೋದರರು ಕನ್‌ಫ್ಯೂಷಿಯಸ್ ಪರಂಪರೆಯ ಆದರ್ಶಪುರುಷರು.

ಕಥೆ ಸೊಗಸಾಗಿದೆ. ಸೊಗಸಾಗಿರುವುದೇ ಅನುಮಾನಕ್ಕೆ ಎಡೆಮಾಡುತ್ತದೆ. ಅಕ್ಷರದ ಪ್ರತಿಯೊಂದು ಗೆರೆಗೂ ಒಂದು ನೈತಿಕ ಅರ್ಥವನ್ನು ಹೊಂದಿಸುವ ಈ ಬಗೆ ನಮಗೆ ಅಪರಿಚಿತವೇನಲ್ಲ. ನಮ್ಮ ಸ್ಥಳನಾಮಗಳ ಕುರಿತ ಐತಿಹ್ಯಗಳೂ ಹೀಗೆಯೇ ಕೆಲಸಮಾಡುತ್ತವೆ. ಪರದೇಶದ ಛಾಯೆ ಅಂಟಿದ್ದ ಅಕ್ಷರವೊಂದನ್ನು ಹೊತ್ತ ಮನೆತನಗಳಿಗೆ ಅಚ್ಚ ದೇಶೀಯವಾದ, ಗೌರವಾನ್ವಿತವಾದ ಮೂಲಪುರುಷರು ಬೇಕಾಗಿದ್ದಿರಬಹುದು ಎಂಬುದು ನನ್ನ ಊಹೆ. ಇದರ ವಿರುದ್ಧ ದಿಕ್ಕಿನ ಆಮಿಷವೂ ಅಷ್ಟೇ ಬಲವಾದುದು. ‘ಜು’ ಎಂದರೆ ಭಾರತವಾದುದರಿಂದ ಇಂದಿನ ಜು ಮನೆತನದವರೆಲ್ಲ ಭಾರತೀಯ ಮೂಲದವರೆಂದು ಹೇಳಿಬಿಡುವ ಉತ್ಸಾಹ ನಮ್ಮಲ್ಲಿ ಹುಟ್ಟುವುದು ಸಹಜ. ಆದರೆ ಹಳೆಯ ಕಾಲದ ‘ಜು’ ಹೆಸರಿನ ಪ್ರಸಿದ್ಧರಲ್ಲಿ ಹೆಚ್ಚಿನವರು ಭಿಕ್ಷುಗಳು. ಬ್ರಹ್ಮಚಾರಿಗಳ ಹೆಸರು ಮಕ್ಕಳಿಗೆ ಇಳಿದುಬರುವುದಿಲ್ಲ. ಮೇಲಾಗಿ ಅವರಲ್ಲಿ ಅನೇಕರು ಭಾರತೀಯರೇ ಅಲ್ಲ. ದೇಶೀಯ ಮೂಲವನ್ನು ಹೇಳುವ ಕಥೆ ಮತ್ತು ಭಾರತೀಯ ಮೂಲವನ್ನು ಹೇಳುವ ಉತ್ಸಾಹ, ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದೇ ನಂಬಿಕೆಯ ಮೇಲೆ ನಿಂತಿವೆ: ಹೆಸರೆಂದರೆ ರಕ್ತ.

ನಿಜವಾಗಿ ಭಾರತದಿಂದ ಹೋಗಿ ಚೀನಾದಲ್ಲಿ ತಲೆಮಾರುಗಳವರೆಗೆ ನೆಲೆಸಿದ ಮನೆತನವೊಂದರ ದಾಖಲೆ ನಮಗೆ ಸಿಗುತ್ತದೆ. ಅವರ ಕುಲನಾಮ ‘ಜು’ ಅಲ್ಲ, ‘ಚುತಾನ್’, ಅಂದರೆ ಗೌತಮ. ತಾಂಗ್ ರಾಜವಂಶದ ಖಗೋಳ ಕಚೇರಿಯಲ್ಲಿ ಈ ಮನೆತನದವರು ಹಲವು ತಲೆಮಾರು ಅಧಿಕಾರಿಗಳಾಗಿದ್ದರು. ಅವರಲ್ಲಿ ಗೌತಮ ಸಿದ್ಧನು ೭೧೮ರಲ್ಲಿ ಭಾರತೀಯ ‘ನವಗ್ರಹ’ ಪಂಚಾಂಗವನ್ನು ಚೀನೀ ಭಾಷೆಗೆ ತಂದ. ಜ್ಯಾಕೋಷ್ಟಕವನ್ನೂ ಸೊನ್ನೆಗೆ ಚುಕ್ಕೆಯನ್ನಿಡುವ ಕ್ರಮವನ್ನೂ ಒಳಗೊಂಡ ಈ ಕೃತಿ, ಅವನೇ ಸಂಕಲಿಸಿದ ೧೨೦ ಸಂಪುಟಗಳ ಜ್ಯೋತಿಷಗ್ರಂಥದಲ್ಲಿ ಉಳಿದುಬಂದಿದೆ. ೧೯೭೭ರಲ್ಲಿ ಷಾನ್ಷಿ ಪ್ರಾಂತದಲ್ಲಿ ಅವನ ಮಗ ಚುತಾನ್ ಜುವಾನ್‌ನ (೭೧೨–೭೭೬) ಸಮಾಧಿ ದೊರೆಯಿತು. ಅಲ್ಲಿಯ ಶಾಸನ ಈ ಮನೆತನದ ಮೂಲ ಭಾರತವೆಂದೂ, ತಲೆಮಾರುಗಳಿಂದ ಅವರು ರಾಜಧಾನಿಯ ಪ್ರದೇಶದವರೆಂದೂ ಹೇಳುತ್ತದೆ. ಹೀಗೆ ಭಾರತವೆಂಬ ಹೆಸರನ್ನು ಹೊತ್ತವರಲ್ಲಿ ಅನೇಕರು ಭಾರತೀಯರಲ್ಲ. ನಿಜವಾದ ಭಾರತೀಯ ಮನೆತನ ಹೊತ್ತದ್ದು ದೇಶದ ಹೆಸರನ್ನಲ್ಲ, ಗೋತ್ರದ ಹೆಸರನ್ನು. ಸಂಘಕ್ಕೆ ಹೋದ ಚೀನೀಯ ತನ್ನ ಕುಲವನ್ನು ಬಿಟ್ಟ. ಕಚೇರಿಗೆ ಹೋದ ಭಾರತೀಯ ತನ್ನ ಗೋತ್ರವನ್ನು ಕಾಪಾಡಿಕೊಂಡ.

೬

ಈ ವಿವರಗಳಿಂದ ಕನ್ನಡ ಸಂಶೋಧನೆಗೇನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದುದೇ. ನನ್ನ ಅನುಭವವೊಂದನ್ನು ಇಲ್ಲಿ ಹೇಳಬಯಸುತ್ತೇನೆ. ಪಿಎಚ್.ಡಿ. ಅಧ್ಯಯನದ ಮೊದಲ ವರ್ಷಗಳಲ್ಲಿ ಶಾಸನೋಕ್ತ ಯತಿಗಳ ಹೆಸರುಗಳನ್ನು ಪಟ್ಟಿಮಾಡುತ್ತಿದ್ದೆ. ಹೆಸರಿನ ಕೊನೆಯ ಪದವನ್ನು ಆಧರಿಸಿ ಅವರ ಸಾಮಾಜಿಕ ಮೂಲವನ್ನು ಊಹಿಸುವ ಒಂದು ಕೋಷ್ಟಕವನ್ನೂ ಸಿದ್ಧಪಡಿಸಿದೆ. ಅದನ್ನು ಒಪ್ಪಿಸಿದಾಗ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: ‘ಈ ಹೆಸರು ಹುಟ್ಟಿದಾಗ ಇಟ್ಟದ್ದೋ, ದೀಕ್ಷೆಯಲ್ಲಿ ಕೊಟ್ಟದ್ದೋ?’ ನನ್ನಲ್ಲಿ ಉತ್ತರವಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠದ ಕಾಳಾಮುಖರಲ್ಲಿ ಕೇದಾರಶಕ್ತಿ, ವಾಮಶಕ್ತಿ ಎಂಬ ಹೆಸರುಗಳಿವೆ. ಇಲ್ಲಿಯ ‘ಶಕ್ತಿ’ ಒಂದು ಆಮ್ನಾಯದ ಗುರುತೇ ಹೊರತು ಮನೆತನದ್ದಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ ನಂದಿ, ಸೇನ, ಕೀರ್ತಿ ಎಂಬ ನಾಮಾಂತ್ಯಗಳೂ ಹಾಗೆಯೇ. ಅದೇ ಕೋಡಿಯಮಠದ ಆಚಾರ್ಯನೊಬ್ಬನ ಹೆಸರು ಗೌತಮ. ಚಾಂಗ್‌ಆನ್ ನಗರದಲ್ಲಿ ಗೌತಮನೆಂಬುದು ಮನೆತನದ ಹೆಸರು. ಬಳ್ಳಿಗಾವೆಯಲ್ಲಿ ಯತಿಯೊಬ್ಬನ ಹೆಸರು. ಪದ ಒಂದೇ ಆದರೂ ಅದು ಕೊಡುವ ಸಾಕ್ಷ್ಯ ಒಂದೇ ಅಲ್ಲ. ನಾನು ಆ ಕೋಷ್ಟಕವನ್ನು ಕೈಬಿಟ್ಟೆ.

ನನ್ನ ತಪ್ಪು ನನ್ನೊಬ್ಬನ ಅಜ್ಞಾನದಿಂದ ಆದುದಲ್ಲ ಎಂದು ಈಗ ಅನ್ನಿಸುತ್ತದೆ. ಹೆಸರು ಕೇಳಿದೊಡನೆ ಜಾತಿಯನ್ನು ಹುಡುಕುವ ಅಭ್ಯಾಸ ನಮ್ಮ ಸಮಾಜದ್ದು. ವಿಚಾರಸಂಕಿರಣಗಳ ಊಟದ ಸಾಲಿನಲ್ಲಿ ‘ನಿಮ್ಮ ಅಡ್ಡಹೆಸರೇನು?’ ಎಂದು ಕೇಳುವ ಹಿರಿಯರು ನಿಜವಾಗಿ ಕೇಳುತ್ತಿರುವುದು ಏನೆಂಬುದು ಕೇಳಿಸಿಕೊಂಡವರಿಗೆ ಗೊತ್ತು. ಇನಿಷಿಯಲ್ಲಿನ ಹಿಂದೆ ಅಡಗಿದ ಹೆಸರನ್ನು ಬಿಡಿಸಿ ಹೇಳಬೇಕಾಗಿ ಬಂದಾಗ ಆಗುವ ಮುಜುಗರವೂ ಕೆಲವರಿಗೆ ಗೊತ್ತು. ಆ ಅಭ್ಯಾಸವನ್ನೇ ನಾವು ಆಕರಗಳ ಓದಿಗೂ ಒಯ್ಯುತ್ತೇವೆ. ಹನ್ನೆರಡನೆಯ ಶತಮಾನದ ವಚನಕಾರರ ಹೆಸರುಗಳ ಮುಂದಿರುವ ಮಾದಾರ, ಡೋಹರ, ಅಂಬಿಗರ ಎಂಬ ವಿಶೇಷಣಗಳನ್ನು ಜಾತಿಪ್ರಮಾಣಪತ್ರದಂತೆ ಓದುವವರು, ಬಸವಣ್ಣನವರು ತಮ್ಮ ಹುಟ್ಟನ್ನೇ ಚೆನ್ನಯ್ಯ ಕಕ್ಕಯ್ಯರ ಮನೆಗಳಿಗೆ ಜೋಡಿಸಿ ಹೇಳಿಕೊಂಡದ್ದನ್ನು ಬರಿಯ ವಿನಯವೆಂದು ಬದಿಗಿಡುತ್ತಾರೆ. ಅದು ವಿನಯವಲ್ಲ, ಹೆಸರಿಗೂ ಹುಟ್ಟಿಗೂ ಇರುವ ಗಂಟನ್ನು ಬಿಚ್ಚಿ ಬೇರೆ ಕಡೆ ಕಟ್ಟುವ ಪ್ರಯತ್ನ. ವಾಂಗ್ ಮನೆತನದವನೊಬ್ಬ ‘ಜು’ ಆದಾಗ ಮಾಡಿದ್ದೂ ಅದನ್ನೇ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಗುರುಪರಂಪರೆಯೂ ಒಂದು ವಂಶದಂತೆಯೇ ವರ್ತಿಸಬಲ್ಲದು. ಅದಕ್ಕೂ ಹೆಮ್ಮೆ, ಆಸ್ತಿ, ಅಧಿಕಾರಗಳುಂಟು. ಗುರುನಾಮಗಳು ಕವಲೊಡೆದದ್ದನ್ನು ಕಂಡೇ ದಾವ್‌ಆನ್ ‘ಷಿ’ಯನ್ನು ತಂದದ್ದು. ಆ ‘ಷಿ’ಯೂ ಸಂಘದ ಗೋಡೆಯೊಳಗೆ ಮಾತ್ರ ನಡೆಯಿತು, ಹೊರಗಿನ ಚೀನೀ ಸಮಾಜದಲ್ಲಿ ಮನೆತನದ ಮೇಲುಕೀಳು ಹಾಗೆಯೇ ಮುಂದುವರಿಯಿತು. ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಶ್ರೇಣಿ ಅಳಿಯುವುದಿಲ್ಲವೆಂಬುದಕ್ಕೆ ನಮ್ಮಲ್ಲಿಯೇ ಸಾಕಷ್ಟು ಸಾಕ್ಷ್ಯವಿದೆ. ನದಿ–ಕಡಲಿನ ಉಪಮೆ ಹುಟ್ಟಿದ ನಾಡಿನಲ್ಲಿಯೇ ನದಿಗಳು ತಮ್ಮ ಹೆಸರನ್ನು ಬಿಟ್ಟುಕೊಡಲಿಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಹೆಸರು ಹುಟ್ಟನ್ನೇ ಹೇಳಬೇಕೆಂಬ ನಿಯಮ ಸಾರ್ವಕಾಲಿಕವಲ್ಲ, ಸಾರ್ವತ್ರಿಕವೂ ಅಲ್ಲ. ಅದನ್ನು ಮೀರಿದ ವ್ಯವಸ್ಥೆಯೊಂದು ಸುಮಾರು ಎರಡು ಶತಮಾನ ಕಾಲ ಚೀನಾದಲ್ಲಿ ಚೆನ್ನಾಗಿಯೇ ನಡೆಯಿತು.

ಆದುದರಿಂದ ನಾಮವಿಜ್ಞಾನದಲ್ಲಿ ಕೆಲಸಮಾಡುವ ನಮ್ಮ ತಲೆಮಾರಿನ ಸಂಶೋಧಕರು ಒಂದು ಶಿಸ್ತನ್ನು ರೂಢಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಆಕರದಲ್ಲಿ ಒಂದು ಹೆಸರು ಎದುರಾದಾಗ ‘ಇವನು ಯಾರವನು?’ ಎಂದು ಕೇಳುವ ಮೊದಲು ‘ಈ ಹೆಸರನ್ನು ಇವನಿಗೆ ಕೊಟ್ಟವರು ಯಾರು?’ ಎಂದು ಕೇಳಬೇಕು. ತಂದೆಯೇ, ಗುರುವೇ, ಊರೇ, ಅರಸನೇ, ಅಥವಾ ಶತಮಾನಗಳ ಆಮೇಲೆ ಬಂದ ಕಥೆಗಾರನೇ? ಉತ್ತರ ಸಿಗದಿದ್ದರೆ ಹಾಗೆಂದೇ ಬರೆಯಬೇಕು. ಜಾತಿಯ ಕಾಲಂ ಖಾಲಿ ಉಳಿದರೆ ಪ್ರಬಂಧಕ್ಕೆ ಕುಂದಿಲ್ಲ. ೧೯೨೪ರ ಆ ದಿನ ಬಂಗಾಳದ ಕವಿಗೆ ‘ಜು’ ಎಂಬ ಹೆಸರನ್ನು ಕೊಟ್ಟವರು ಅವನ ತಂದೆತಾಯಿಗಳಲ್ಲ, ಅವನಿಂದ ಏನನ್ನೋ ಕಲಿತೆವೆಂದು ಭಾವಿಸಿದ ಅನ್ಯದೇಶದ ಓದುಗರು. ಕಲಿತದ್ದರ ಋಣವನ್ನು ಹೆಸರಿನಲ್ಲಿ ಸಂದಾಯಮಾಡುವ ಆ ಹಳೆಯ ಪದ್ಧತಿ ಅಂದು ಒಂದು ಗಳಿಗೆ ಮರಳಿ ಬಂದಿತ್ತು.